ಮೂರನೆಯ ಹಾಡಿನ ತಾಳ

ಇಳಕಲ್ ಸೀರೆಯ ಸೆರಗಿನ ಉದ್ದನೆಯ ಎಳೆಗಳ ಹಾಸಿಗೂ ಒಡಲಿನ ಹಾಸಿಗೂ ಕೊಂಡಿ ಹಾಕುತ್ತ ಕೂತಿದ್ದೆ. ಕೆಂಪು ರೇಷ್ಮೆಯ ಎಳೆಯನ್ನು ಒಡಲಿನ ಎಳೆಯ ಕುಣಿಕೆಯೊಳಗೆ ತೂರಿಸಿ ಬಿಗಿಯಬೇಕು, ಒಂದೊಂದಾಗಿ, ಸಾವಿರಾರು. ನಡುವೆ ಎದ್ದರೆ ಕೈಯ ಗತಿ ತಪ್ಪುತ್ತದೆ. ಹಾಗಾಗಿ ಸೊಸೆ ಮಹೇಶ್ವರಿ ಫೋನು ಹಿಡಿದುಕೊಂಡು ಬಂದಾಗ ನಾನು ತಲೆ ಎತ್ತಲಿಲ್ಲ.

“ಅತ್ತಿ, ಇದನ್ನ ತುಸು ಕೇಳ್ರಿ. ಮಾವಾರ ಹೆಸರು ಐತಿ ಇದರಾಗ.”

ಮೊದಲು ಗಿಟಾರು ಬಂತು. ಮಣ್ಣಿನ ರಸ್ತೆಯಲ್ಲಿ ಚಕ್ಕಡಿ ಜಾರಿದಂತೆ ತಂತಿಯ ಮೇಲೆ ಜಾರುವ ಬೆರಳು. ಹಿಂದೆ ಮ್ಯಾಂಡೋಲಿನ್. ಅದು ನನ್ನ ಗಂಡ ಈರಪ್ಪನದು. ಅವನು ತೀರಿ ಮೂರು ವರ್ಷವಾಗಿದೆ. ಆಮೇಲೆ ಒಂದು ಹೆಣ್ಣುದನಿ, ಎಳೆಯದು, ಅಂಜಿಕೆ ಇಲ್ಲದ್ದು.

ನನ್ನ ದನಿ. ಕೈಯಲ್ಲಿದ್ದ ಎಳೆ ಜಾರಿತು.

“ಯಾರು ಹಾಡ್ಯಾರಂತ ಬರದಾರ?” ಎಂದೆ.

ಮಹೇಶ್ವರಿ ಓದಿದಳು: “ಗಾಯನ, ದಾನೇಶ್ವರಿ ಗುರಲಿಂಗಪ್ಪ.”

ಮೂವತ್ತೆಂಟು ವರ್ಷದ ಹಿಂದೆಯೂ ಹಾಗೇ ಬರೆದಿದ್ದರು. ಆಗ ನನಗೆ ಓದಲು ಬರುತ್ತಿರಲಿಲ್ಲ.

ಮಲಪ್ರಭಾ ಗಿಟಾರ್ ಪಾರ್ಟಿ ಎಂದು ಆ ತಂಡದ ಹೆಸರು. ಹುನಗುಂದದ ಗುರಲಿಂಗಪ್ಪ ಸೊಲ್ಲಾಪುರದಿಂದ ಗಿಟಾರು ತಂದಿದ್ದ. ಅಮೆರಿಕದ ದನಗಾಹಿಗಳ ಹಾಡಿನ ಟೇಪುಗಳನ್ನು ಕೇಳಿ ಕೇಳಿ ಬೆರಳು ಪಳಗಿಸಿಕೊಂಡು, ನಮ್ಮ ಕಡೆಯ ಹಾಡುಗಳಿಗೆ ಅದನ್ನು ಹೊಂದಿಸುತ್ತಿದ್ದ. ದಸ್ತಗೀರಸಾಬ ಢೋಲಕಿ, ಈರಪ್ಪ ಮ್ಯಾಂಡೋಲಿನ್. ಹೆಣ್ಣಿನ ದನಿ ಬೇಕಾದಾಗ ನನ್ನ ಹತ್ತಿರ ಬಂದರು. ಮಗ್ಗ ಬಿಟ್ಟು ಬರಲಾರೆ ಎಂದೆ. ಟೇಪ್ ರೆಕಾರ್ಡರನ್ನು ನಾನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ದಂಡೆಗೇ ತಂದಿಟ್ಟರು. ನಾನೇ ಕಟ್ಟಿದ ಏಳು ಹಾಡು, ನೇಯುತ್ತಲೇ ಹಾಡಿದೆ. ನಾಲ್ಕು ಹಾಡಿನ ಮೊದಲ ಕ್ಯಾಸೆಟ್ಟು ಬಂದಾಗ ಮೇಲೆ ಗುರಲಿಂಗಪ್ಪನ ಹೆಂಡತಿಯ ಹೆಸರು, ಫೋಟೋ. ಮುಂದಿನ ಕ್ಯಾಸೆಟ್ಟಿನಲ್ಲಿ ಸರಿಮಾಡುತ್ತೇನೆ ಎಂದ. ಎರಡನೆಯದಕ್ಕೆ ಆ ಏಳರಲ್ಲೇ ಉಳಿದಿದ್ದ ಮೂರನ್ನು ಹಾಕಿ, ಮತ್ತೆ ಅದೇ ಹೆಸರು, ಅದೇ ಫೋಟೋ ಹಾಕಿದ.

ಮಹೇಶ್ವರಿ ಫೋನು ತಂದ ದಿನ ಕೊಂಡಿ ಕೆಲಸ ಮುಗಿಸಿಯೇ ಎದ್ದೆ. ಆಮೇಲೆ ಫೋನಿನಲ್ಲೇ ಎರಡೂ ಕ್ಯಾಸೆಟ್ಟುಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿವೆ. ಆಗ ಯಾರೂ ಕೊಳ್ಳಲಿಲ್ಲ. ಮದುವೆಯವರು ಸಿನಿಮಾ ಹಾಡು ಕೇಳಿದರು, ಮಠದವರು ಗಿಟಾರು ಬೇಡ ಎಂದರು. ಈಗ ಕೇಳಿದರೆ ಬಾದಾಮಿಯ ಹಾದಿಯ ಬಿಸಿಲು ಆ ಗಿಟಾರಿನಲ್ಲಿ ಇದೆ. ಕೆಟ್ಟದಾಗಿದ್ದರೆ ನಕ್ಕು ಬಿಡುತ್ತಿದ್ದೆ. ಚೆನ್ನಾಗಿದ್ದುದರಿಂದಲೇ ಬಿಡಲು ಮನಸ್ಸು ಬರಲಿಲ್ಲ.

ಹಳೆಯ ಟೇಪುಗಳನ್ನು ಹುಡುಕಿ ಮತ್ತೆ ಹೊರತಂದವನು ಬಾಗಲಕೋಟೆಯ ದೀಪಕ ಎಂಬಾತ. ‘ಯಾರೂ ಗುರುತಿಸದೆ ಹೋದ ಕಂಟ್ರಿ ರಾಕ್ ತಂಡ’ ಎಂದು ಬರೆದಿದ್ದ. ಆ ದನಗಾಹಿ ಹಾಡಿನ ಧಾಟಿಗೆ ಹಾಗನ್ನುತ್ತಾರಂತೆ. ಸದ್ಯ ಫೋನಿನಲ್ಲಿ ಬಿಟ್ಟಿದ್ದಾರೆ. ಮುಂದಿನ ತಿಂಗಳು ಬಾದಾಮಿಯಲ್ಲಿ ಸಮಾರಂಭ ಮಾಡಿ, ಕರಿ ತಟ್ಟೆಯಂಥ ದೊಡ್ಡ ರೆಕಾರ್ಡುಗಳನ್ನು ಬಿಡುಗಡೆ ಮಾಡುತ್ತಾರಂತೆ. ಜೊತೆಗೊಂದು ಪುಸ್ತಿಕೆ. ತಂಡದ ಬಗ್ಗೆ ಗೊತ್ತಿದ್ದವರು ಇಪ್ಪತ್ತನೆಯ ತಾರೀಖಿನೊಳಗೆ ಬರೆದು ತಿಳಿಸಬೇಕು, ಆಮೇಲೆ ಅಚ್ಚಿಗೆ ಹೋಗುತ್ತದೆ ಎಂದು ವಿಳಾಸ ಕೊಟ್ಟಿದ್ದ. ಆ ಅಚ್ಚಿನಲ್ಲೂ ದಾನೇಶ್ವರಿಯ ಹೆಸರೇ ಬಿದ್ದರೆ, ನಾನು ಸತ್ತ ಮೇಲೆ ಕೇಳುವವರು ಯಾರು.

ನಾಲ್ಕು ದಿನಕ್ಕೆ ಗುರಲಿಂಗಪ್ಪನೇ ಬಂದ. ಕೂದಲಿಗೆ ಬಣ್ಣ ಹಚ್ಚಿಕೊಂಡಿದ್ದ.

“ಏನ್ ಶಾರವ್ವಕ್ಕಾ, ಆರಾಮೇನು?”

“ಇನ್ನೂ ಸತ್ತಿಲ್ಲ. ಅದನ್ನ ನೋಡಾಕ ಬಂದಿಯೇನು?”

ನಕ್ಕ. ಚಹಾ ಕುಡಿದ. ಕುಡಿದ ಮೇಲೆ ವಿಷಯಕ್ಕೆ ಬಂದ. “ಬಾದಾಮ್ಯಾಗ ದಾನೇಶ್ವರಿಗೆ ಸನ್ಮಾನ ಐತಿ. ಅಕಿಗೆ ಒಂದು ಸೀರಿ ನೇದು ಕೊಡು. ನಿನ್ನ ಕೈಯಾಗಿನ ಸೀರಿ ಉಟ್ಗೊಂಡು ಅಕಿ ಸ್ಟೇಜ್ ಮ್ಯಾಲ ನಿಂತ್ರ ನಿನಗೂ ಮಾನ ಅಲ್ಲೇನು?”

“ಹೌದು ನೋಡು. ದನಿ ನಂದು, ಸೀರಿ ನಂದು. ಒಳಗ ನಿಂತಿರೂಕಿ ಅಷ್ಟ ನಿನ್ನ ಹೇಣ್ತಿ.”

ಮಹೇಶ್ವರಿ ಅಡಿಗೆಮನೆಯಲ್ಲಿ ಕೆಮ್ಮಿದಳು. ಗುರಲಿಂಗಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಹಳೇದೆಲ್ಲಾ ಈಗ್ಯಾಕ ಅಕ್ಕಾ. ಈರಪ್ಪ ಇದ್ದಾಗ ನೀ ಒಂದು ಮಾತು ಎತ್ತಲಿಲ್ಲ.”

“ಅಂವ ಎತ್ತಬ್ಯಾಡ ಅಂದಿದ್ದ.”

“ಮತ್ತ?”

“ಈಗ ಅಂವ ಇಲ್ಲಲ್ಲ.”

ಅವನಿಗೆ ಅದು ತಲುಪಿತೋ ಇಲ್ಲವೋ. ತನ್ನ ಹೊಗಳಿಕೆಗೆ ತಿರುಗಿದ. “ಆ ದೀಪಕ ಮೂರನೇ ಹಾಡಿಗೆ ಹುಚ್ಚಾಗ್ಯಾನ. ನಡುವ ತಾಳ ಬದಲಾಗ್ತದಲ್ಲ, ಕುಂಟಿ ಕುಂಟಿ ಬಂದು ಒಮ್ಮಿಲೇ ಓಡಾಕ ಹತ್ತತೈತಿ, ಇದು ಹೆಂಗ ಹೊಳೀತ್ರಿ ಅಂತ ಕೇಳಿದ. ಬಾದಾಮಿ ಬಸ್ಸು ಘಾಟು ಹತ್ತಿ ಇಳಿಯೂದನ್ನ ಕೇಳಿ ಮಾಡಿದ್ನಿ ಅಂತ ಹೇಳೇನಿ. ಪುಸ್ತಿಕಿಯಾಗ ಅದನ್ನ ಹಾಕ್ತಾರ.”

ನಾನು ನಗಲಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಇವನು ತಾನಾಗಿಯೇ ಬಂದು ಕುತ್ತಿಗೆ ಚಾಚಿದ್ದ.

ಸೆರಗು ನೇಯುವಾಗ ಅಡ್ಡ ಎಳೆ ಒಯ್ಯುವ ಲಾಳಿ ಮೂರು. ನಡುವಿನ ಕೆಂಪಿಗೆ ಒಂದು, ಅಂಚಿನ ಎರಡು ದಡಿಗೆ ಎರಡು. ಪ್ರತಿ ಸಾಲಿಗೂ ನಡುವಿನ ಎಳೆ ದಡಿಯ ಎಳೆಗೆ ಸಿಕ್ಕಿಕೊಳ್ಳಬೇಕು, ಅಷ್ಟು ಹೊತ್ತು ಕೈ ನಿಲ್ಲುತ್ತದೆ. ಹಾಡೂ ನಿಲ್ಲುತ್ತದೆ. ಸೆರಗು ಮುಗಿದು ಒಡಲು ಶುರುವಾದರೆ ಒಂದೇ ಲಾಳಿ, ತಡೆಯಿಲ್ಲ. ಟೇಪು ಮಾಡಿದ ದಿನ ಮೂರನೆಯ ಹಾಡಿನ ನಡುವೆ ನನ್ನ ಸೆರಗು ಮುಗಿದಿತ್ತು. ತಾಳ ಬದಲಾದದ್ದು ಅಲ್ಲಿ. ನೇಕಾರರ ಮನೆಯ ಮಗುವಿಗೂ ಕೇಳಿದರೆ ಗೊತ್ತಾಗುತ್ತದೆ. ಅಕ್ಕಿ ವ್ಯಾಪಾರದ ಮನೆಯ ಗುರಲಿಂಗಪ್ಪನಿಗೆ ಮೂವತ್ತೆಂಟು ವರ್ಷದಲ್ಲಿ ಗೊತ್ತಾಗಲಿಲ್ಲ.

“ಸೀರಿ ನೇದು ಕೊಡ್ತೇನಿ,” ಎಂದೆ. “ಹೋಗು.”

ಅವನು ಹೋದ ಮೇಲೆ ಕೆಟ್ಟ ಯೋಚನೆಗಳು ಬಂದವು. ಕೊಂಡಿಗಳನ್ನು ಸಡಿಲ ಹಾಕಿದರೆ ಸಮಾರಂಭದ ನಡುವೆ ಸೆರಗು ಬಿಚ್ಚಿಕೊಂಡು ಕೈಗೆ ಬರುತ್ತದೆ. ದಾನೇಶ್ವರಿ ಸೆರಗಿಲ್ಲದೆ ನಿಂತದ್ದನ್ನು ಕಣ್ಣ ಮುಂದೆ ತಂದುಕೊಂಡು ಎರಡು ದಿನ ಸುಖಪಟ್ಟೆ. ಮೂರನೆಯ ದಿನ ಬಿಟ್ಟೆ. ಕೆಟ್ಟ ಸೀರೆಗೆ ಬರುವ ಹೆಸರು ನನ್ನದೇ. ಕೊಂಡಿಗಳನ್ನು ಬಿಗಿಯಾಗಿಯೇ ಹಾಕಿದೆ.

ಮರುದಿನ ಬಸ್ಸು ಹಿಡಿದು ಹುನಗುಂದಕ್ಕೆ ಹೋದೆ. ಢೋಲಕಿಯ ದಸ್ತಗೀರಸಾಬ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಎಂಬತ್ತರ ಮುದುಕ, ಬೆರಳು ನಡುಗುತ್ತವೆ. ಫೋನಿನಲ್ಲಿ ಮೂರನೆಯ ಹಾಡು ಹಚ್ಚಿದ ಕೂಡಲೇ ಅವೇ ಬೆರಳು ತೊಡೆಯ ಮೇಲೆ ಆಡತೊಡಗಿದವು.

“ನಿನ್ನ ಕಾಲು ನೋಡಿ ಬಾರಿಸಿದ್ನವಾ. ಮಗ್ಗದ ಕೆಳಗಿನ ಕಾಲ್ಮಣಿ ನೀ ತುಳಿದಂಗ ತುಳಿದಂಗ,” ಎಂದ.

“ಹಂಗಂತ ಇಷ್ಟು ದಿನ ಯಾಕ ಹೇಳಲಿಲ್ಲ ಭಾವಾ?”

“ಕೇಳಿದವರ್ಯಾರು?”

“ಈಗ ನಾ ಕೇಳಾಕತ್ತೇನಿ. ಬರದದ್ದಕ್ಕ ಸಹಿ ಹಾಕ್ತಿಯೇನು?”

“ಗುರಲಿಂಗಪ್ಪ ನನ್ನ ಸನ್ಮಾನದಾಗಿಂದ ತಗದು ಹಾಕ್ತಾನ,” ಎಂದ. ಮತ್ತೆ ತಾನೇ, “ಹಾಕಲಿ ಬಿಡು. ಆ ಶಾಲು ಹೊತ್ಗೊಂಡು ಯಾವ ಮದುವಿಗೆ ಹೋಗಬೇಕಾಗೇತಿ ನಾ,” ಎಂದು ಪೆನ್ನು ಕೇಳಿದ.

ಸಹಿ ಹಾಕಿಸಿದ್ದು, ಅವನು ಹೇಳಿದ್ದನ್ನು ಅಲ್ಲೇ ಬರೆದುಕೊಂಡ ಹೊಸ ಹಾಳೆಯ ಮೇಲೆ. ಅದಕ್ಕಿಂತ ಹಳೆಯ ಹಾಳೆ ಒಂದು ನನ್ನ ಟ್ರಂಕಿನಲ್ಲಿತ್ತು. ತೊಂಬತ್ತೆರಡರಲ್ಲಿ ಸಾಕ್ಷರತೆಯವರು ನಮ್ಮ ಓಣಿಯಲ್ಲಿ ರಾತ್ರಿ ಸಾಲಿ ನಡೆಸಿದಾಗ ಉಳಿದ ಹೆಂಗಸರು ಬಸ್ಸಿನ ಬೋರ್ಡು ಓದಲು ಕಲಿತರು. ನಾನು ಕಲಿತದ್ದು ಈ ಕಾಗದ ಬರೆಯಲು. ಹಾಡಿದವಳು ನಾನು ಎಂದು ಕ್ಯಾಸೆಟ್ಟು ಕಂಪನಿಯವರಿಗೆ ಬರೆದಿದ್ದೆ. ಈರಪ್ಪ ನೋಡಿ, “ಇದನ್ನ ಕಳಿಸಿದ್ರ ನನ್ನ ಪಾರ್ಟಿಯಿಂದ ಬಿಡಸ್ತಾರ. ನಾ ಇರೂತನಾ ಬ್ಯಾಡ,” ಎಂದಿದ್ದ. ಮಾತು ಕೊಟ್ಟೆ. ಎರಡು ವರ್ಷಕ್ಕೆ ಪಾರ್ಟಿಯೇ ಮುರಿಯಿತು, ಕಂಪನಿಯೂ ಮುಚ್ಚಿತು. ಆದರೂ ಮಾತು ಮಾತೇ ಆಗಿ ಉಳಿಯಿತು.

“ಆ ದೀಪಕಗ ಫೋನ್ ಹಚ್ಚಿ ಹೇಳಿ ಬಿಡ್ರಲ್ಲ ಅತ್ತಿ,” ಎಂದಳು ಮಹೇಶ್ವರಿ.

“ಹೇಳಿದ್ದನ್ನ ಗುರಲಿಂಗಪ್ಪ ಇನ್ನೊಂದು ಹೇಳಿ ಅಳಸ್ತಾನ. ಅಚ್ಚಿಗೆ ಹೋಗೂದು ಬರದದ್ದು.”

ಹಳೆಯ ಕಾಗದವನ್ನು ಇದ್ದ ಹಾಗೆಯೇ ಇಟ್ಟೆ, ತಪ್ಪು ಅಕ್ಷರಗಳನ್ನೂ ತಿದ್ದಲಿಲ್ಲ. ಇನ್ನೊಂದು ಹಾಳೆಯಲ್ಲಿ ಮೂರು ಲಾಳಿಯ ವಿಷಯ ಬರೆದೆ. ಕೊನೆಗೆ ಇಷ್ಟು ಸೇರಿಸಿದೆ: ‘ಬಾದಾಮಿಯ ವೇದಿಕೆ ಮೇಲೆ ದಾನೇಶ್ವರಿಯವರಿಂದ ಮೂರನೆಯ ಹಾಡನ್ನು ಗಿಟಾರಿಲ್ಲದೆ ಹಾಡಿಸಿರಿ. ತಾಳ ಎಲ್ಲಿ ಬದಲಾಗುತ್ತದೆ, ಯಾಕೆ ಎಂದು ಎಲ್ಲರ ಮುಂದೆ ಕೇಳಿರಿ. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ.’

ಮಹೇಶ್ವರಿ ಓದಿ ನೋಡಿದಳು. “ಹೆಸರು ಸರಿಮಾಡ್ರಿ ಅಂತ ಬರದಿದ್ರ ಸಾಕಾಗಿತ್ತಲ್ರಿ. ಪಾಪ, ಆ ಹೆಣ್ಮಗಳಿಗೂ ಅರವತ್ತರ ಹತ್ರ ಬಂದಾವು.”

“ಅಕಿ ಫೋಟೋ ತಗಸ್ಕೊಳ್ಳಾಗ ಸಣ್ಣಾಕಿದ್ಲು. ಆಮ್ಯಾಲ ದೊಡ್ಡಾಕಿ ಆಗಲಿಲ್ಲೇನು? ಒಂದು ದಿನರೆ ಬಂದು ಹೇಳಿದ್ಲೇನು?”

ನನಗೆ ಕನಿಕರ ಬರುತ್ತದೇನೋ ಎಂದು ಒಂದು ರಾತ್ರಿ ಕಾದು ನೋಡಿದೆ. ಬರಲಿಲ್ಲ.

ಹದಿನಾರನೆಯ ತಾರೀಖು ಇಳಕಲ್ಲಿನ ಅಂಚೆ ಕಚೇರಿಗೆ ನಾನೊಬ್ಬಳೇ ಹೋದೆ. ಕಿಟಕಿಯಲ್ಲಿದ್ದ ಹೆಣ್ಣುಮಗಳು ಲಕೋಟೆಯನ್ನು ತೂಕಕ್ಕಿಟ್ಟು, “ಒಳಗ ಏನೈತಿ ಅಜ್ಜಿ?” ಎಂದಳು.

“ಕಾಗದ.”

“ಅರ್ಜೆಂಟ್ ಏನು?”

“ಮೂವತ್ತಮೂರು ವರ್ಷ ತಡಾ ಆಗೇತಿ.”

ಅವಳು ನಕ್ಕು ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸಿದಳು. ನಾಡಿದ್ದು ಬಾಗಲಕೋಟೆ ಮುಟ್ಟುತ್ತದೆ ಎಂದು ಹೇಳಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿ, ನನ್ನ ಹಿಂದೆ ನಿಂತವರನ್ನು ಕರೆದಳು.