ಬೆನ್ನು ತಿರುಗಿಸಿ ಕೊರೆದ ತೂತು

ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಕೈಯಿಂದಲೇ ರಬ್ಬರ್ ಚಪ್ಪಲಿ ಮಾಡುವ ಸೈದಪ್ಪನನ್ನು ಗಂಟೆ ಎಷ್ಟಾಯಿತೆಂದು ಕೇಳಿ ನೋಡಿ, ಗಡಿಯಾರ ಕಣ್ಣೆದುರೇ ಇದ್ದರೂ ಅವನ ಬಾಯಿಂದ ಮೊದಲು ಹೊರಡುವುದು "ಯಾಕ ಕೇಳ್ತೀರಿ?" ಎಂಬ ಮರುಪ್ರಶ್ನೆ. ಕುಶಲ ವಿಚಾರಿಸಿದವರಿಗೂ ಅದೇ, ಮಗಳ ಮದುವೆಯಲ್ಲಿ "ಊಟ ಆಯ್ತೇನ್ರಿ?" ಎಂದ ಬೀಗರಿಗೂ ಅದೇ. ಅರವತ್ತು ದಾಟಿದ ಈ ಮನುಷ್ಯ ತಲೆ ತಗ್ಗಿಸಿ ನಡೆಯುವುದು ವಿನಯದಿಂದಲ್ಲ, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಪಾದಗಳನ್ನು ತನಿಖೆ ಮಾಡುವುದಕ್ಕೆ. ಬೆವರು ಧಾರೆಯಾಗಿ ಇಳಿಯುವ ಮೇ ತಿಂಗಳಲ್ಲೂ ಮೈಮೇಲಿನ ಕೋಟು ಕಳಚುವುದಿಲ್ಲ.

ಆ ಕೋಟಿನ ಒಳಜೇಬಿನಲ್ಲಿ ಅವನ ಸರ್ವಸ್ವವಿತ್ತು: ಅಂಗೈಯಗಲದ ಒಂದು ತಗಡು. ರಬ್ಬರ್ ಹಾಳೆಯ ಮೇಲೆ ಉಕ್ಕಿನ ಅಚ್ಚನ್ನಿಟ್ಟು, ಸುತ್ತಿಗೆಯಿಂದ ಬಡಿದು ಅಟ್ಟೆ ಕತ್ತರಿಸುವ ಕೆಲಸವನ್ನು ಅವನು ದಾರಿಹೋಕರ ಎದುರೇ ಮಾಡುತ್ತಿದ್ದ. ಪಟ್ಟಿ ಕೂರಿಸುವ ಮೂರು ತೂತುಗಳಿಗೆ ಗುರುತು ಹಾಕುವಾಗ ಮಾತ್ರ ಲೋಕಕ್ಕೆಲ್ಲ ಬೆನ್ನು ತಿರುಗಿಸಿ, ಆ ತಗಡನ್ನು ಹೊರತೆಗೆದು, ಅದರ ಅಳತೆಯಂತೆ ಮುಂಭಾಗದ ತೂತನ್ನು ಒಂದು ಅಕ್ಕಿಕಾಳಿನಷ್ಟು ಹೆಬ್ಬೆರಳಿನ ಕಡೆಗೆ ಸರಿಸುತ್ತಿದ್ದ. ಅವನ ಚಪ್ಪಲಿ ಬೆರಳಸಂದಿಯನ್ನು ಕಚ್ಚದೆ ಇದ್ದದ್ದು, ಕಾರ್ಖಾನೆಯ ಅಗ್ಗದ ಮಾಲಿನ ನಡುವೆಯೂ ಗಿರಾಕಿಗಳು ಉಳಿದದ್ದು, ಆ ಅಕ್ಕಿಕಾಳಿನಷ್ಟು ಅಂತರದಿಂದ. ಅದು ಕೈತಪ್ಪಿದರೆ ತಾನು ಬೀದಿಗೆ ಬಿದ್ದಂತೆಯೇ ಎಂದು ಅವನು ನಂಬಿದ್ದ, ಮತ್ತು ಆ ನಂಬಿಕೆ ಸುಳ್ಳೇನೂ ಆಗಿರಲಿಲ್ಲ.

ಪಟ್ಟಿ ಹಾಕುವವಳು ಕಾಶವ್ವ. ಹದಿನಾಲ್ಕು ವರ್ಷಗಳಿಂದ ಅವನ ಪಕ್ಕದ ಮಣೆಯ ಮೇಲೆ ಕೂತು, ಕೊಕ್ಕೆಯಿಂದ ಪಟ್ಟಿಗಳನ್ನು ತೂತಿನೊಳಗೆ ಎಳೆದು ಕೂರಿಸುತ್ತಿದ್ದ ಆಕೆಗೂ ಅವನು ತಗಡು ತೋರಿಸಿರಲಿಲ್ಲ. ಊಟಕ್ಕೆ ಹೋಗುವಾಗ ಕಪ್ಪು ಪಟ್ಟಿಗಳ ಪೆಟ್ಟಿಗೆಗೂ ಬೀಗ ಜಡಿಯುತ್ತಿದ್ದ.

ಕಳೆದ ವರ್ಷ ಒಂದು ಬೆಳಿಗ್ಗೆ, ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ಯಾರದೋ ಪಾದಗಳನ್ನು ಕಂಡು ಅವನು ಗಕ್ಕನೆ ನಿಂತ. ಪಟ್ಟಿ ನೀಲಿ, ಸೈದಪ್ಪ ಎಂದೂ ನೀಲಿ ಹಾಕಿದವನಲ್ಲ. ತೂತು ಮಾತ್ರ ಸಾಕ್ಷಾತ್ ಅವನದೇ! ನೋಡುತ್ತಿದ್ದಂತೆಯೇ ಆ ಪಾದಗಳು ಲೋಕಲ್ ರೈಲು ಹತ್ತಿ ಮರೆಯಾದವು.

"ಯಾರಿಗೆ ಹೇಳಿದಿ?" ಎಂದು ಅಂಗಡಿಗೆ ಬಂದವನೇ ಕಾಶವ್ವನ ಕೈಯಿಂದ ಕೊಕ್ಕೆ ಕಸಿದುಕೊಂಡ. "ನಾಳಿಂದ ಬರಬ್ಯಾಡ." ಆಕೆ ಕೈಗೆ ಮೆತ್ತಿದ ರಬ್ಬರ್ ಪುಡಿಯನ್ನು ಸೆರಗಿನಿಂದ ಒರೆಸಿಕೊಂಡು, ತುಟಿ ಬಿಚ್ಚದೆ ಹೊರಟುಹೋದಳು. ಆ ಮೌನವನ್ನು ಅವನು ತಪ್ಪೊಪ್ಪಿಗೆಯೆಂದೇ ತಿಳಿದ.

ಹತ್ತು ದಿನ ಪ್ಲಾಟ್‌ಫಾರ್ಮಿನಲ್ಲಿ ಕಾದು, ಹನ್ನೊಂದನೆಯ ದಿನ ಆ ನೀಲಿ ಪಟ್ಟಿಯ ಬೆನ್ನು ಹತ್ತಿ ಲೋಕಲ್‌ನಲ್ಲಿ ಠಾಣೆ ಪಟ್ಟಣಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಮಾಜಿವಾಡಾಕ್ಕೆ ಹೋದ. ಚಪ್ಪಲಿಯ ಒಡೆಯ, ಅನಿಲಕುಮಾರನೆಂಬ ಉಡುಪಿ ಕಡೆಯವನು, ಅಲ್ಲಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತ.

"ಚಪ್ಪಲಿ ತೆಗೀರಿ, ನೋಡಬೇಕು," ಎಂದ ಸೈದಪ್ಪ.

ಅನಿಲಕುಮಾರ ನಕ್ಕುಬಿಟ್ಟ. "ಇದು ನಿಮ್ಮದೇ ಮಾರಾಯ್ರೆ! ತಕೊಂಡು ಎಂಟು ವರ್ಷ ಆಯ್ತು. ಪಟ್ಟಿ ತುಂಡಾದಾಗ ನಿಮ್ಮಲ್ಲಿಯ ಆ ಹೆಂಗಸೇ ಬೇರೆ ಹಾಕಿ ಕೊಟ್ಟದ್ದು. ನೀವು ಊಟಕ್ಕೆ ಹೋಗಿದ್ರಿ. ಕಪ್ಪು ಪಟ್ಟಿಯ ಪೆಟ್ಟಿಗೆಗೆ ಬೀಗ ಉಂಟು ಅಂತ ಪಾಪ, ಹೊರಗಿಂದ ನೀಲಿ ತರಿಸಿದ್ರು."

ತಿರುಗಿಸಿ ನೋಡಿದರೆ ಹಿಮ್ಮಡಿಯ ಅಡಿಯಲ್ಲಿ ತನ್ನ ಪ್ರತಿ ಚಪ್ಪಲಿಗೂ ಗುರುತಿಗೆಂದು ಸೈದಪ್ಪ ಉಳಿಯಿಂದ ಮಾಡುವ ಕಚ್ಚು, ಸವೆದು, ಇನ್ನೂ ಉಳಿದಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಅದೇ ಸಂಜೆ ಕಾಶವ್ವನ ಹೊಸ್ತಿಲ ಮೇಲೆ ಕೋಟಿನೊಳಗಿನ ತಗಡನ್ನಿಟ್ಟು, "ತೂತು ಹೆಂಗ ಹಾಕೂದಂತ ಕಲಿಸ್ತೀನಿ," ಎಂದ. ಅವನ ಮಟ್ಟಿಗೆ ಅದು ಕ್ಷಮೆ ಕೇಳಿದ ಹಾಗೆಯೇ.

"ಕಾಕಾ, ಹದಿನಾಕ ವರ್ಷ ಆ ತೂತಿನಾಗ ಪಟ್ಟಿ ಎಳದೀನಿ. ಅದು ಎಲ್ಲೈತಿ ಅಂತ ನನ್ನ ಬೆರಳಿಗೆ ಗೊತ್ತಿಲ್ಲೇನ್ರಿ? ಒಬ್ಬರ ಮುಂದೂ ಹೇಳಿಲ್ಲ," ಎಂದು ಆಕೆ ತಗಡನ್ನು ಹಿಂದಕ್ಕೆ ಸರಿಸಿದಳು.

ಸೈದಪ್ಪ ತಗಡನ್ನು ಎತ್ತಿಕೊಂಡ. "ನಾಳೆ ಬರ್ತೀಯೇನವ್ವಾ?"

ಕಾಶವ್ವ ಹೊಸ್ತಿಲ ಒಳಗೆ ಸರಿದಳು. "ಯಾಕ ಕೇಳ್ತೀರಿ?" ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಈಗ ಸೈದಪ್ಪ ಬೀದಿಗೆ ಮುಖ ಮಾಡಿಯೇ ತೂತು ಕೊರೆಯುತ್ತಾನೆ. ಪಕ್ಕದ ಮಣೆ ಖಾಲಿಯಿದೆ. ಸೈದಪ್ಪನಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೊಟ್ಟೆಪಾಡಿನ ಗುಟ್ಟೊಂದನ್ನು ಕಾಯುತ್ತ ಕಾಯುತ್ತ ಅವರ ದೃಷ್ಟಿಯೆಲ್ಲ ದೂರದವರ ಕಾಲಿನ ಮೇಲೆಯೇ ನೆಟ್ಟಿರುತ್ತದೆ. ಮಗ್ಗುಲಲ್ಲೇ ಕೂತು ಅದೇ ಗುಟ್ಟನ್ನು ತನ್ನದೆಂಬಂತೆ ಕಾದ ಜೀವ ಅವರ ಕಣ್ಣಿಗೆ ಬೀಳುವುದು, ಅದು ಎದ್ದುಹೋದ ಮೇಲೆ.