ತೋಟದಲ್ಲಿ ಹೆಣ್ಣು ನೋಡಿದ್ದು

ಹರಿಣಾಕ್ಷಿ ಬನ್ಸ್‌ಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಅಮ್ಮ ಉಮಾವತಿ ಚಟ್ನಿ ಬಾಟಲಿಯ ಮುಚ್ಚಳ ಬಿಗಿಯುತ್ತಿದ್ದಳು. ಬರೀ ಪಿಕ್ನಿಕ್ಕಿಗೆ ಯಾರೂ ಹೊಸ ಸೀರೆ ಉಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಡೊಂಬಿವಲಿಯಲ್ಲಿ ಅವರಿರುವ ಚಾಳಿನ ವಠಾರಕ್ಕೆ ಗಂಡಿನವರು ಬಂದರೆ ಇಡೀ ಮಹಡಿ ಬಾಗಿಲಲ್ಲಿ ನಿಲ್ಲುತ್ತದೆ. ಸಂಬಂಧ ಕೂಡದಿದ್ದರೆ ನಲ್ಲಿಯ ಹತ್ತಿರ ವರ್ಷವಿಡೀ ಅದೇ ಮಾತು. ಅದಕ್ಕೇ ಜಯಲತಾ ಅತ್ತೆ ಈ ಉಪಾಯ ಹೂಡಿದ್ದಳು. ಠಾಣೆ ಪಟ್ಟಣದ ಗುಡ್ಡದ ಬುಡದಲ್ಲಿ, ಬ್ರಿಟಿಷರ ಕಾಲದ ಸಾಹುಕಾರನೊಬ್ಬ ದೇಶದೇಶದ ಸಸಿ ತರಿಸಿ ಬೆಳೆಸಿದ ಕಾಡಿನಂಥ ತೋಟ. ಅಲ್ಲಿ ಅಕಸ್ಮಾತ್ತಾಗಿ ಸಿಕ್ಕಂತೆ ಸಿಗುವುದು. ಹುಡುಗಿಗೆ ಒಪ್ಪಿಗೆಯಾದರೆ ತಾನೇ ತಿಂಡಿ ಹಂಚಬೇಕು. ಇಲ್ಲವಾದರೆ ಡಬ್ಬಿಯನ್ನು ಅಮ್ಮನ ಕೈಗೆ ಕೊಡಬೇಕು. ಯಾರ ಮುಖವೂ ಸಣ್ಣದಾಗುವುದಿಲ್ಲ.

ಗೇಟಿನಲ್ಲಿ ಇಬ್ಬರು ನಿಂತಿದ್ದರು. "ಮುರಾರಿ, ಕಮಲಾಕ್ಷ. ಇಬ್ಬರಿಗೂ ಕಲ್ಯಾಣ್ ಪೇಟೆಯ ಒಂದೇ ಹೋಟೆಲಿನಲ್ಲಿ ಕೆಲಸ" ಎಂದಳು ಅತ್ತೆ. ಹುಡುಗ ಯಾರೆಂದು ಹೇಳಲಿಲ್ಲ. ಅಮ್ಮ ಮೊದಲೇ ಹೇಳಿರುತ್ತಾಳೆ ಎಂದುಕೊಂಡಿದ್ದಳು. ಅಮ್ಮನೋ, ಅತ್ತೆ ಹೇಳಿರುತ್ತಾಳೆ ಎಂದುಕೊಂಡಿದ್ದಳು. ಕೇಳಲು ಹರಿಣಾಕ್ಷಿಗೆ ಬಾಯಿ ಬರಲಿಲ್ಲ.

ಒಳಗೆ ಮಧ್ಯಾಹ್ನವೇ ಮಬ್ಬು. ಹೆಸರು ಗೊತ್ತಿಲ್ಲದ ಮರಗಳು, ಪ್ರತಿಯೊಂದಕ್ಕೂ ಒಂದು ತಗಡಿನ ಫಲಕ.

"ನೋಡಿ ಅಕ್ಕ, ಇದು ಬ್ರೆಜಿಲಿನದ್ದಂತೆ" ಎಂದ ಮುರಾರಿ. "ಪಾಸ್‌ಪೋರ್ಟ್ ಇಲ್ಲದೆ ಬಂದು ಕೂತಿದೆ!"

"ಎಂತ ಬ್ರೆಜಿಲ್ ಮಾರಾಯ! ನಮ್ಮ ಕಾರ್ಕಳದಲ್ಲಿ ಇದೇ ಮರಕ್ಕೆ ದನ ಕಟ್ತಾರೆ" ಎಂದಳು ಅತ್ತೆ.

ಮುರಾರಿ ಜೋರಾಗಿ ನಕ್ಕ. ಮದುವೆಯ ಗಂಡು ಹೀಗೆ ನಗುತ್ತಾನೆಯೇ? ನೋಡಲು ಬಂದವನು ಸಂಕೋಚದಲ್ಲಿರುತ್ತಾನೆ, ಮಾತಿಗೆಂದು ಒಬ್ಬ ಗೆಳೆಯನನ್ನು ಕರೆತಂದಿರುತ್ತಾನೆ ಎಂದು ಹರಿಣಾಕ್ಷಿ ಲೆಕ್ಕ ಹಾಕಿದಳು. ಕಮಲಾಕ್ಷ ತಲೆಯೆತ್ತಿ ಕೊಂಬೆಗಳನ್ನೇ ನೋಡುತ್ತಿದ್ದ.

ಆರನೆಯ ತರಗತಿಗೇ ಶಾಲೆ ಬಿಟ್ಟ ಅವಳು ಒಂದು ಫಲಕದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸುತ್ತ ಹಿಂದೆ ಉಳಿದಳು. ಕಮಲಾಕ್ಷ ಬಂದು ಪಕ್ಕದಲ್ಲಿ ನಿಂತ. "ಮಡಗಾಸ್ಕರ್" ಎಂದು ತನಗೇ ಹೇಳಿಕೊಂಡಂತೆ ಓದಿದ. ಮುಂದಿನ ಮರದ ಬಳಿಯೂ ಅವಳು ಬರುವ ತನಕ ಕಾದು, ಮೆಲ್ಲಗೆ, "ಆಸ್ಟ್ರೇಲಿಯಾ." ಅವಳ ಕಡೆ ತಿರುಗಲೇ ಇಲ್ಲ.

ನೆರಳಿನಲ್ಲಿ ಚಾದರ ಹಾಸಿದಾಗ ಅಮ್ಮ ಡಬ್ಬಿಗೆ ಕೈ ಚಾಚಿದಳು. ಹರಿಣಾಕ್ಷಿ ಕೊಡಲಿಲ್ಲ. ತಾನೇ ಮುಚ್ಚಳ ತೆಗೆದು, ಬಗ್ಗಿ, ಇಬ್ಬರಿಗೂ ಬಡಿಸಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾಪಸು ಲೋಕಲ್ ರೈಲಿನಲ್ಲಿ ಅತ್ತೆಯ ಬಾಯಿಗೆ ಬಿಡುವಿರಲಿಲ್ಲ. "ಕೈಯಾರೆ ಬಡಿಸಿಬಿಟ್ಟಳಲ್ಲ ಅತ್ತಿಗೆ, ನಮ್ಮ ಮೂಗಿ! ಮುರಾರಿಯ ಮುಖ ನೋಡಬೇಕಿತ್ತು, ಲಡ್ಡು!"

"ಮುರಾರಿಯವರದ್ದಾ?" ಎಂದಳು ಹರಿಣಾಕ್ಷಿ.

"ಮತ್ತೆ ಯಾರದ್ದು? ಆ ಕಮಲಾಕ್ಷ ಬರೀ ಜೊತೆಗೆ ಬಂದವ. ಬಾಯಿ ಬಿಟ್ಟದ್ದೇ ಬೋರ್ಡು ಓದಲಿಕ್ಕೆ."

ಹರಿಣಾಕ್ಷಿ ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಮುರಾರಿ ಕೆಟ್ಟವನೇ? ಅಲ್ಲ. ದಾರಿಯುದ್ದಕ್ಕೂ ಅಮ್ಮನ ಚೀಲ ಹೊತ್ತದ್ದು ಅವನೇ. ಆದರೆ ಅವನ ಮುಖ ನೆನಪಿಗೇ ಬರಲಿಲ್ಲ. ನಗು ಮಾತ್ರ ಕೇಳಿಸುತ್ತಿತ್ತು. ತಪ್ಪು ತಿಳಿದೆ ಎಂದು ಹೇಳಿದರೆ, ಹಾಗಾದರೆ ಯಾರಿಗೆ ಬಡಿಸಿದ್ದು ಎಂದು ಕೇಳುತ್ತಾರೆ. ಅದನ್ನು ಯಾವ ಬಾಯಲ್ಲಿ ಹೇಳುವುದು?

"ನಾಳೆಯೇ ಅವರ ಮನೆಗೆ ಹೋಗಿ ಒಪ್ಪಿಗೆ ತಿಳಿಸುವ" ಎಂದಳು ಅತ್ತೆ.

ಡೊಂಬಿವಲಿ ಬಂತು. ಬಾಗಿಲ ಕಡೆ ನೂಕುನುಗ್ಗಲು ಶುರುವಾಯಿತು. ಅಮ್ಮ ಎದ್ದು ಚೀಲ ಹೆಗಲಿಗೇರಿಸಿದಳು. ಅತ್ತೆ ಆಗಲೇ ಮುಂದಿದ್ದಳು.

"ಅತ್ತೆ, ನಾಳೆ ಹೇಳಬೇಡಿ" ಎಂದಳು ಹರಿಣಾಕ್ಷಿ, ಇಬ್ಬರ ಬೆನ್ನಿಗೆ. "ಅಮ್ಮ, ನಾಳೆ ಹೇಳುವುದು ಬೇಡ."