ನಾಲ್ಕನೆಯ ಹೆಗಲು

ಬಿದಿರಿನ ಒಂದು ತುದಿಯನ್ನು ಕಾಲಿನಿಂದ ಅದುಮಿ ಹಿಡಿದು, ಇನ್ನೊಂದು ತುದಿಗೆ ಭಿವಾ ಹಗ್ಗ ಬಿಗಿಯುತ್ತಿದ್ದ. ಚಟ್ಟ ಕಟ್ಟುವುದು ಒಬ್ಬನಿಂದ ಆಗುವ ಕೆಲಸವಲ್ಲ. ಹಗ್ಗ ಎರಡು ಸಲ ಜಾರಿತು. ಎದುರಿಗೆ ಬೇವಿನ ನೆರಳಿನಲ್ಲಿ ಹತ್ತು ಹನ್ನೆರಡು ಮಂದಿ ಪಲ್ಲಕ್ಕಿ ಹೊರುವ ಬೋಯಿಗಳು ಕೂತು ನೋಡುತ್ತಿದ್ದರು. ಒಬ್ಬನಾದರೂ ಏಳಬೇಕಲ್ಲ, ಇಲ್ಲ.

ಒಳಗೆ ಅವನ ಅಪ್ಪ ಹೈಬತಿಯ ಹೆಣ ಬೆಳಗಿನಿಂದ ಕಾಯುತ್ತಿತ್ತು. ಮೂರು ದಿನದ ಜ್ವರ, ಅಷ್ಟೇ. ಮುಂಬಯಿಯ ವೈಶಾಖದ ಬಿಸಿಲು ಹೆಣಕ್ಕೆ ಕರುಣೆ ತೋರಿಸುವುದಿಲ್ಲ. ತಾಯಿ ಯೇಸೂ ಸೆರಗಿನಿಂದ ನೊಣ ಓಡಿಸಿ ಓಡಿಸಿ ಸೋತಿದ್ದಳು.

"ಕೊಂಡೀಬಾ ಕಾಕಾ, ಮಧ್ಯಾಹ್ನ ಆತು. ಹೆಗಲ ಕೊಡ್ರಿ," ಎಂದ ಭಿವಾ.

ಬೋಯಿಗಳ ಯಜಮಾನ ಕೊಂಡೀಬಾ ಅಡಕೆ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಟೇಷನ್ನಿನ ಹಮಾಲಗ ನಾವ್ಯಾಕ ಹೆಗಲ ಕೊಡೂಣು? ಉಗಿಬಂಡಿ ಐತಲ್ಲ, ಅದರಾಗ ಹಾಕಿ ಕಳಸು. ಹೆಣಕ್ಕ ಟಿಕೇಟ ಬೇಕೇನ್ ಕೇಳು."

ನೆರಳಿನಲ್ಲಿದ್ದವರು ನಕ್ಕರು. ಸಾವಿನ ಮನೆಯ ಮುಂದೆ ಹಾಗೆ ನಗುವುದಕ್ಕೂ ಕಲ್ಲೆದೆ ಬೇಕು.

"ಅಪ್ಪ ನಿಮ್ಮ ಜೋಡಿ ಹದಿನಾರು ವರ್ಷ ಪಲ್ಲಕ್ಕಿ ಹೊತ್ತಾನ, ಕಾಕಾ."

"ಹೊತ್ತ. ಹದಿನೇಳನೇ ವರ್ಷ ನಮ್ಮನ್ನ ನಡುದಾರ್ಯಾಗ ಇಳಿಸಿ ಹೋದ."

*

ಬೋರಿಬಂದರಿನಿಂದ ಉಗಿಬಂಡಿ ಓಡತೊಡಗಿದ ವರ್ಷದ ಮಾತು. ಹೈಬತಿ, ಕೊಂಡೀಬಾ ಮತ್ತಿಬ್ಬರು ತಮ್ಮ ಸಾಹೇಬನನ್ನು ಹೊತ್ತು ತಂದು ಟೇಷನ್ನಿನ ಬಾಗಿಲಲ್ಲಿ ಇಳಿಸಿದರು. ಸಾಹೇಬ ಬಂಡಿ ಹತ್ತಿ ಹೋದ. ಕಾಯಿರಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ಅವರು ಸಂಜೆಯವರೆಗೂ ಕಾದರು, ಮರುದಿನವೂ ಕಾದರು. ಮೂರನೆಯ ದಿನ ಗುಮಾಸ್ತನೊಬ್ಬ ಹೊರಗೆ ಬಂದು ಹತ್ತಿ ಮೂಟೆ ಹೊರುವವರು ಬೇಕು ಎಂದು ಕೂಗಿದ. ಹೈಬತಿ ಎದ್ದು ಒಳಗೆ ಹೋದ.

ಪಲ್ಲಕ್ಕಿಗೆ ಸಮ ಎತ್ತರದ ನಾಲ್ವರು ಬೇಕು. ಒಬ್ಬ ಗಿಡ್ಡನಾದರೆ ಒಳಗೆ ಕೂತವನ ತಲೆ ಹಲಗೆಗೆ ಬಡಿಯುತ್ತದೆ. ಹೈಬತಿಯಷ್ಟು ಎತ್ತರದ ಇನ್ನೊಬ್ಬ ಇಡೀ ಕೇರಿಯಲ್ಲಿ ಸಿಗಲಿಲ್ಲ. ಆ ಮಳೆಗಾಲ ಉಳಿದ ಮೂರು ಮನೆಗಳಲ್ಲಿ ಒಲೆ ಹತ್ತಿದ್ದು ದಿನ ಬಿಟ್ಟು ದಿನ. ಹೈಬತಿ ಅಕ್ಕಿಯ ಗಂಟು ತಂದು ಕೊಂಡೀಬಾನ ಹೊಸ್ತಿಲಲ್ಲಿಟ್ಟ. ಕೊಂಡೀಬಾ ಅದನ್ನು ಎಲ್ಲರೆದುರಿಗೆ ಮೋರಿಗೆ ಸುರಿದ. ಕೊಂಡೀಬಾ ಅತ್ತ ಹೋದಮೇಲೆ ಅವನ ಹೆಂಡತಿ ಬಂದು ಕಾಳು ಕಾಳೇ ಆರಿಸಿಕೊಂಡಳು. ಹೈಬತಿ ನೋಡಿದರೂ ನೋಡದವನಂತೆ ಮನೆಗೆ ಹೋದ.

*

"ಟೇಷನ್ನಿನವರನ್ನ ಕರೀಲೇನವ್ವ? ಕರೆದ್ರ ಓಡಿ ಬರ್ತಾರ," ಎಂದು ಭಿವಾ ಒಳಗೆ ಬಂದು ಕೇಳಿದ. ಈಗ ಎರಡು ವರ್ಷದಿಂದ ಅವನೂ ಅಪ್ಪನ ಜೊತೆ ಅಲ್ಲೇ ಮೂಟೆ ಹೊರುತ್ತಿದ್ದ.

"ಹೊರಗಿನವರು ಹೆಣ ಮುಟ್ಟಿದ್ರ ನಮ್ಮನ್ನ ಜಾತಿಯಿಂದ ಹೊರಗ ಹಾಕ್ತಾರ. ನಿನ್ನ ತಂಗಿ ಲಗ್ನ ಮುರೀತದ. ಅವರ ಕಾಲು ಹಿಡಿ, ಮಗಾ."

ಭಿವಾ ಹೊರಗೆ ಬಂದು ಹಿಡಿದ. ಕೊಂಡೀಬಾ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

"ನಾಳಿಂದ ಟೇಷನ್ ಮೆಟ್ಟೂದಿಲ್ಲಂತ ಅಪ್ಪನ ಹೆಣ ಮುಟ್ಟಿ ಆಣಿ ಮಾಡು. ಹೆಗಲ ಕೊಡ್ತೀವಿ."

"ಮತ್ತ ಹೊಟ್ಟಿಗೆ ಏನ್ ತಿನ್ನೂಣು ಕಾಕಾ?"

"ನಾವೇನ್ ತಿಂತೀವಿ? ಅದನ್ನ ತಿನ್ರಿ. ನಿಮ್ಮಪ್ಪ ಬಿಟ್ಟ ಜಾಗಾ ಇನ್ನೂ ಖಾಲಿ ಐತಿ."

ಪಲ್ಲಕ್ಕಿ ಹತ್ತುವವರು ಈಗ ಮದುಮಕ್ಕಳು ಮಾತ್ರ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಭಿವಾ ಒಳಗೆ ಹೋಗಿ ಅಪ್ಪನ ತಣ್ಣಗಿನ ಪಾದ ಮುಟ್ಟಿ, ಎಲ್ಲರಿಗೂ ಕೇಳುವ ಹಾಗೆ ಆಣೆ ಮಾಡಿದ. ಯೇಸೂ ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಆಗ ಬಿಟ್ಟಳು.

ಕೊಂಡೀಬಾ, ಹಳೆಯ ಜೊತೆಗಾರರಿಬ್ಬರು, ನಾಲ್ಕನೆಯವನಾಗಿ ಕೊಂಡೀಬಾನ ಮಗ ಗೋಂದ್ಯಾ ಹೆಗಲು ಕೊಟ್ಟರು. ಬೆಂಕಿಯ ಮಡಕೆ ಹಿಡಿದು ಭಿವಾ ಮುಂದೆ ನಡೆದ. ಗೋಂದ್ಯಾ ಗಿಡ್ಡ. ಚಟ್ಟ ಅವನ ಕಡೆಗೇ ವಾಲುತ್ತಿತ್ತು, ಹೆಜ್ಜೆಗೊಮ್ಮೆ ಹೈಬತಿಯ ತಲೆ ಬಿದಿರಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು.

"ಈಗ ಗೊತ್ತಾತೇನು," ಎಂದ ಕೊಂಡೀಬಾ ಹೆಣಕ್ಕೆ.

ಭಿವಾ ತಿರುಗಿ ನೋಡಲಿಲ್ಲ. ತಿರುಗಿದರೆ ಮಡಕೆಯನ್ನು ಅವನ ಮುಖಕ್ಕೇ ಎಸೆಯುತ್ತಿದ್ದ.

ಚಿತೆ ಹತ್ತಿ ಉರಿದು ಇಳಿದಮೇಲೆ ಎಲ್ಲರೂ ಕಡಲಲ್ಲಿ ಮುಳುಗೆದ್ದರು. ದಂಡೆಯಲ್ಲಿ ಕೊಂಡೀಬಾ ಪಕ್ಕಕ್ಕೆ ಬಂದು ನಿಂತ. ದನಿ ಮೆತ್ತಗಾಗಿತ್ತು.

"ಭಿವಾ, ಟೇಷನ್ನಿನಾಗ ಎತ್ತರ ನೋಡೂದಿಲ್ಲಲ್ಲ?"

"ಇಲ್ಲ."

"ಹಂಗಾದ್ರ ನಾಳೆ ಮುಂಜಾನೆ ನಮ್ಮ ಗೋಂದ್ಯಾನ್ನ ಕರಕೊಂಡು ಹೋಗು. ನಿನ್ನ ಜಾಗಾ ಬ್ಯಾರೆ ಯಾರರ ಹೊಡಕೊಂಡಾರು."

ಭಿವಾನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಟೇಷನ್ ಮೆಟ್ಟಬಾರದಂತ ಆಣಿ ಮಾಡಿಸಿದ್ರಿ."

"ನೀ ಮೆಟ್ಟಬ್ಯಾಡ. ಬಾಗಿಲತನಕ ಹೋಗಿ, ಹೊರಗ ನಿಂತು ಗುಮಾಸ್ತಗ ತೋರಿಸು. ತಂಗಿ ಲಗ್ನಕ್ಕ ನಾವೆಲ್ಲ ಬರಾಕಬೇಕಲ್ಲ?" ಕೊಂಡೀಬಾ ಅವನ ಬೆನ್ನು ಸವರಿದ. "ಗುಮಾಸ್ತ ಮೊದಲ ಏನ್ ನೋಡ್ತಾನ?"

ದಂಡೆಯ ಮೇಲೆ ಬೋಯಿಗಳು ಧೋತರ ಹಿಂಡಿಕೊಳ್ಳುತ್ತಿದ್ದರು. ಒಬ್ಬನೂ ಇತ್ತ ನೋಡಲಿಲ್ಲ.

"ಹೆಗಲ ಒತ್ತಿ ನೋಡ್ತಾನ," ಎಂದ ಭಿವಾ.

"ನೀ ಒಂದ್ಸಲ ನೋಡಪಾ. ನಿನಗ ಗೊತ್ತಿರ್ತದ."

ಗೋಂದ್ಯಾ ಒದ್ದೆ ಅಂಗವಸ್ತ್ರ ಸರಿಸಿ, ಹೆಗಲು ಮುಂದೆ ಮಾಡಿ ನಿಂತ. ಹೈಬತಿಯ ಚಟ್ಟದ ಬಿದಿರು ಒತ್ತಿದ ಗೆರೆ ಅಲ್ಲಿ ಇನ್ನೂ ಕೆಂಪಗಿತ್ತು. ಭಿವಾ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದ.